ಏಳುಬಾಯಪ್ಪನ ಬುತ್ತಿ

ನಮ್ಮೂರಿನ ಟಾಕೀಸಿಗೆ ಎರಡು ಬಾಗಿಲು. ಮುಂದಿನದು ಟಿಕೆಟ್ ತೆಗೆಸಿ ಒಳಗೆ ಹೋಗುವವರಿಗೆ, ಹಿಂದಿನದು ಸಿನಿಮಾದಲ್ಲಿ ಸತ್ತು ಹೊರಗೆ ಬರುವವರಿಗೆ. ಹಿಂದಿನ ಬಾಗಿಲಿನ ಎದುರಿಗೇ ನನ್ನ ಖಾನಾವಳಿ. ಸಾಯುವುದು ಸಣ್ಣ ಕೆಲಸವಲ್ಲ, ಸತ್ತವರಿಗೆ ವಿಪರೀತ ಹಸಿವು. ಆಟ ಮುಗಿದ ಕೂಡಲೇ ಆ ಬಾಗಿಲು ಕಿರ್ರೆನ್ನುತ್ತದೆ, ಬಂದವರು ಕೈಕಾಲು ತೊಳೆದುಕೊಂಡು ಸಾಲಾಗಿ ಕೂರುತ್ತಾರೆ. ಮುಂದಿನ ಆಟದ ಗಂಟೆ ಬಾರಿಸಿದಾಗ ಎದ್ದು, "ಹೋಗಿ ಸತ್ತು ಬರ್ತೀವಿ ತುಳಜಕ್ಕ" ಎಂದು ಹೇಳಿ ಒಳಗೆ ಹೋಗುತ್ತಾರೆ. ಗುರುವಾರ ಸಿನಿಮಾದ ಡಬ್ಬಿ ಬಸ್ಸು ಹತ್ತಿತೆಂದರೆ ಅವರೂ ಹೋದರು. ಶುಕ್ರವಾರ ಬೇರೆಯವರು.

ಈ ಒಲೆಯ ಮುಂದೆ ನನಗಿಂತ ಮೊದಲು ನನ್ನ ಅತ್ತೆ ಕೂತಿದ್ದಳು. ಕೆಲಸ ಕೊಟ್ಟ ದಿನ ಅವಳು ಹೇಳಿದ್ದು ಇಷ್ಟೇ: "ಸತ್ತವರನ್ನ ಏನೂ ಕೇಳಬ್ಯಾಡ. ಮೊದಲ ನೀರ ಕೊಡು." ವಾರಕ್ಕೆ ಮೂರೋ ನಾಲ್ಕೋ ಜನ ಬರುತ್ತಿದ್ದರು. ನಾಯಕನ ತಂದೆ, ಗೆಳೆಯನ ಬದಲು ಗುಂಡು ತಿಂದವನು, ಕ್ಷಯದ ತಾಯಿ, ಕೊನೆಗೆ ಖಳನಾಯಕ. ಖಳನಾಯಕರೇ ಬಹಳ ಮರ್ಯಾದಸ್ಥರು, ಉಂಡ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಬರೀ ಪ್ರೇಮದ ಸಿನಿಮಾ ಬಂದ ವಾರ ನನಗೆ ರಜೆ. ಪರ ಊರಿನವರು ಇದನ್ನು ಕಂಡು ಬಾಯಿ ಬಿಟ್ಟರೆ ನಾವು, "ಹಂಗಾರ ನಿಮ್ಮೂರಾಗ ಅವರು ಎಲ್ಲಿ ಉಣ್ತಾರ?" ಎಂದು ಕೇಳುತ್ತಿದ್ದೆವು.

ನನ್ನ ಮಗಳು ಸುಗಂಧಾ ಮಾತ್ರ ಆ ಬಾಗಿಲಿನ ಕಡೆ ಮುಖ ಮಾಡುತ್ತಿರಲಿಲ್ಲ. ಅವಳ ಗಂಡ ಮುರಿಗೆಪ್ಪ ಹತ್ತಿ ಗಿರಣಿಯಲ್ಲಿ ಮಷೀನಿನ ಪಟ್ಟಾಕ್ಕೆ ಸಿಕ್ಕು ತೀರಿಕೊಂಡಿದ್ದ. ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ನನ್ನ ಮನೆಗೆ ಬಂದವಳು ಮಾಳಿಗೆಯ ಕೋಣೆ ಹಿಡಿದಳು, ಟಾಕೀಸಿನ ಕಡೆಯ ಕಿಟಕಿಗೆ ಮೊಳೆ ಹೊಡೆಸಿದಳು. ಕೆಂಪು ಸೀರೆ ಉಡಲಿಲ್ಲ. ಕೆಂಪು ಚಟ್ನಿ ಕಂಡರೆ ತಟ್ಟೆ ಸರಿಸುತ್ತಿದ್ದಳು. ಒಂದೇ ಒಂದು ಸಲ ನನ್ನನ್ನು ಕೇಳಿದ್ದಳು: "ಆ ಬಾಗಲದಾಗ ಯಾರ್ಯಾರೋ ಬರ್ತಾರಲ್ಲವ್ವಾ. ಅವ ಯಾಕ ಬರಂಗಿಲ್ಲ?" ನಾನು ಅವಳ ಬೆನ್ನು ಸವರಿದೆ. ಕೆಳಗೆ ಬಂದು, ಆ ವಾರ ಸತ್ತಿದ್ದ ಒಬ್ಬ ದರೋಡೆಕೋರನಿಗೆ ಅನ್ನ ಬಡಿಸಿದೆ. ಅವನು ಎರಡನೇ ಸಲ ಅನ್ನ ಕೇಳಿದಾಗ ನನಗೆ ಅವನನ್ನು ಹೊಡೆಯಬೇಕೆನಿಸಿತು. ಆದರೂ ಬಡಿಸಿದೆ.

ಆ ಶುಕ್ರವಾರ ಟಾಕೀಸು ನಡೆಸುವ ಲಾಡ್ಲೇಸಾಬ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂತ. "ತುಳಜಕ್ಕ, ಡಬ್ಬಿ ಅದಲ್‌ಬದಲ್ ಆಗೇತಿ. ನಾ ಕೇಳಿದ್ದು ದೇವರ ಸಿನಿಮಾ, ಬಂದಿದ್ದು ಜಪಾನಿನವರ ಕಾರ್ಟೂನು. ಕನ್ನಡದಾಗ ಮಾತ ಕೂಡಿಸ್ಯಾರ."

"ಎಷ್ಟ ಮಂದಿ ಸಾಯ್ತಾರ?" ಎಂದು ಕೇಳಿದೆ. ಪ್ರತಿ ಶುಕ್ರವಾರ ಕೇಳುವ ಪ್ರಶ್ನೆ.

"ಕಾರ್ಟೂನಿನ್ಯಾಗ ಯಾರ ಸಾಯ್ತಾರ? ಸಣ್ಣ ಹುಡುಗರು ನೋಡೂ ಸಿನಿಮಾ ಅದು. ಇವತ್ತ ನೀ ಅರಾಮ ಇರು."

ನಾನು ಹಿಡಿಯಷ್ಟು ಹೆಸರುಕಾಳು ನೆನೆಹಾಕಿ, ಕಾಲು ಚಾಚಿ ಕೂತೆ.

ಮ್ಯಾಟಿನಿ ಮುಗಿದಾಗ ಬಾಗಿಲಿನಿಂದ ಮೊದಲು ಹೊರಗೆ ಬಂದದ್ದು ಕೆಂಪು. ಕದದ ಕೆಳಗಿನಿಂದ ಹರಿದು, ಮೆಟ್ಟಿಲಿಳಿದು, ಗಟಾರು ದಾಟಿ ನನ್ನ ಕಟ್ಟೆಯವರೆಗೆ ಬಂತು. ನೆಲ ಒರೆಸುವ ಬಟ್ಟೆ ಹಿಡಿದುಕೊಂಡು ಎದ್ದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ತನ್ನ ತಲೆಯನ್ನು ಕುಂಬಳಕಾಯಿಯಂತೆ ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಸಿಪಾಯಿ ನಿಂತಿದ್ದ. ಅವನ ಹಿಂದೆ ಹೊಟ್ಟೆ ಸೀಳಿದವನು, ಕರುಳನ್ನು ಸೊಂಟಕ್ಕೆ ಅಚ್ಚುಕಟ್ಟಾಗಿ ಸುತ್ತಿಕೊಂಡಿದ್ದ. ಅವನ ಹಿಂದೆ ಒಂದೇ ಕಾಲಿನವನು, ಮುಖ ಅರ್ಧ ಸುಟ್ಟವಳು, ಬೆನ್ನಲ್ಲಿ ಮುಳ್ಳುಹಂದಿಯ ಹಾಗೆ ಬಾಣ ನಾಟಿಸಿಕೊಂಡ ಮುದುಕ. ಎಲ್ಲರೂ ಚಿತ್ರಗಳು. ಮೂಗು ಇದ್ದೂ ಇಲ್ಲದಷ್ಟು, ಕಣ್ಣು ಚಹದ ಬಸಿಯಷ್ಟು, ಕೂದಲು ನೀಲಿ, ಹಸಿರು. ಸಾಲು ಮುಗಿಯಲೇ ಇಲ್ಲ. ಟಾಕೀಸಿನ ಮೂಲೆ ತಿರುಗಿ, ಸೈಕಲ್ ಅಂಗಡಿ ದಾಟಿ, ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಓಣಿಯ ಬಾಗಿಲುಗಳೆಲ್ಲ ದಬದಬ ಮುಚ್ಚಿಕೊಂಡವು.

ಸಿಪಾಯಿ ಕಂಕುಳಿನ ತಲೆಯನ್ನು ನನ್ನ ಕಡೆ ತಿರುಗಿಸಿದ. ತುಟಿ ನಾಲ್ಕು ಸಲ ಆಡಿ ಸುಮ್ಮನಾಯಿತು. ಆಮೇಲೆ ಮಾತು ಕೇಳಿಸಿತು: "ಓ ತಾಯಿ! ನಮಗೆ ಅತಿಯಾದ ಹಸಿವಾಗುತ್ತಿದೆ!"

ಓಡಿ ಹೋಗಿ ನಾನೂ ಬಾಗಿಲು ಹಾಕಿಕೊಳ್ಳಬೇಕೆಂದಿದ್ದೆ. ಆದರೆ ಹಸಿವು ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನೇ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. "ಕೂಡ್ರಪಾ. ಮೊದಲ ನೀರ ಕುಡೀರಿ," ಎಂದೆ.

ಪರಾತದ ತುಂಬ ಜೋಳದ ಹಿಟ್ಟು ನಾದಿದೆ. ರೊಟ್ಟಿ ಬಡಿದೆ, ಬಡಿದೆ, ತೋಳು ಸೋತು ಹೋಯಿತು. ಬೇಯಿಸಿದ್ದು ಮೊದಲ ಸಾಲಿಗೇ ಮುಗಿಯಿತು. ಆಗ ಆ ಸಿಪಾಯಿ ಎದ್ದು ಬಂದ. ಅವನ ಹೆಸರು ತೊಕುಜಿ. ತಲೆಯನ್ನು ದೀಪದ ಗೂಡಿನಲ್ಲಿ ಇಟ್ಟು, ನನ್ನ ಪಕ್ಕದಲ್ಲಿ ಕೂತು, ಹಿಟ್ಟಿಗೆ ಕೈ ಹಾಕಿದ. ಮೊದಲನೆಯ ರೊಟ್ಟಿ ಹರಿಯಿತು. ಗೂಡಿನಲ್ಲಿದ್ದ ತಲೆ ಕೂಗಿತು: "ಎಡಕ್ಕೆ! ಎಲೈ ಮೂರ್ಖ ಕೈಗಳೇ, ಎಡಕ್ಕೆ ತಿರುಗಿಸಿರಿ!" ಮೂರನೆಯದು ಗುಂಡಗೆ ಬಂತು. ನನಗೆ ನಗು ತಡೆಯಲಾಗಲಿಲ್ಲ. ಲಾಡ್ಲೇಸಾಬ ಟಾಕೀಸಿನ ಗೋಡೆಗೆ ಆತುಕೊಂಡು ಇಣುಕಿ ನೋಡುತ್ತಿದ್ದ. "ಡಬ್ಬಿಂಗ್ ಮಾಡಿದವರು ಹಂಗ ಮಾತಾಡಿಸ್ಯಾರ ತುಳಜಕ್ಕ," ಎಂದು ಪಿಸುಗುಟ್ಟಿದ, ತಪ್ಪು ತನ್ನದೇ ಎಂಬಂತೆ.

ಎಲ್ಲರ ಕೊನೆಗೆ ಅವನು ಬಂದ. ಬಾಗಿಲಿನಲ್ಲಿ ಬಗ್ಗಿ, ಅಡ್ಡಡ್ಡ ನಡೆದು, ಕೊಂಬು ನನ್ನ ಚಪ್ಪರದ ತಗಡಿಗೆ ಸಿಕ್ಕಿಸಿಕೊಂಡು ನಿಂತ. ಮೈ ಹಸಿರು. ಮುಖದಲ್ಲಿ ಒಂದು ಬಾಯಿ, ಹೆಗಲುಗಳ ಮೇಲೆ ಎರಡು, ಅಂಗೈಗಳಲ್ಲಿ ಎರಡು, ಎದೆಯಲ್ಲಿ ಒಂದು, ಹೊಟ್ಟೆಯಲ್ಲಿ ಒಂದು, ಎಲ್ಲದರಲ್ಲೂ ಗರಗಸದಂತಹ ಹಲ್ಲು. ಉಣ್ಣುತ್ತಿದ್ದವರೆಲ್ಲ ತಟ್ಟೆ ಹಿಡಿದು ಹಿಂದೆ ಸರಿದರು. ಅವರನ್ನೆಲ್ಲ ಕೊಂದವನು ಇವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನೀನೂ ಸತ್ತಿಯೇನಪಾ?" ಎಂದು ಕೇಳಿದೆ.

"ಹೌದು ತಾಯಿ," ಎಂದಿತು ಮುಖದ ಬಾಯಿ. "ಹೌದು," ಎಂದವು ಉಳಿದ ಆರೂ, ಒಂದಾದ ಮೇಲೆ ಒಂದು.

"ಹಂಗಾರ ಕೂಡು. ಕೊಂಬ ಜ್ವಾಕಿ."

ಅವನು ದೂರ, ಕಟ್ಟಿಗೆಯ ರಾಶಿಯ ಹತ್ತಿರ ಕೂತ. ಅವತ್ತು ಕಟ್ಟಿಗೆ ಹಸಿಯಿತ್ತು, ಬರೀ ಹೊಗೆ. ನಾನು ಊದುಗೊಳವೆ ಹಿಡಿದು ಕೆಮ್ಮುವುದನ್ನು ಕಂಡು ಅವನು ಮೆಲ್ಲಗೆ ಒಲೆಯ ಕಡೆ ಬಾಗಿ, ಏಳೂ ಬಾಯಿಯಿಂದ ಊದಿದ. ಒಲೆ ಭುಗ್ಗೆಂದು ಹೊತ್ತಿತು, ಪಕ್ಕದ ಎರಡು ಒಲೆಗಳೂ ಹೊತ್ತಿದವು. ಬಾಣದ ಮುದುಕ ಚಪ್ಪಾಳೆ ಹೊಡೆದ. ಅವತ್ತಿನಿಂದ ಅವನ ಹೆಸರು ಏಳುಬಾಯಪ್ಪ.

ತಟ್ಟೆ ಕೊಟ್ಟರೆ ಅವನು ತೆಗೆದುಕೊಳ್ಳಲಿಲ್ಲ. ಸಾಲಿನಿಂದ ಒಬ್ಬ ಹುಡುಗಿ ಎದ್ದು ಬಂದಳು. ಸುಗಂಧಾಳ ವಯಸ್ಸು. ಪಕ್ಕೆಯಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿ ತೆಗೆದ ಗಾಯ. "ತಾಯಿ, ಇವನ ಅಂಗೈಯಲ್ಲಿಯೂ ಬಾಯಿಗಳಿವೆ. ತಟ್ಟೆ ಹಿಡಿದರೆ ಅವು ತಟ್ಟೆಯನ್ನೇ ಕಚ್ಚುತ್ತವೆ. ಯಾರಾದರೂ ತಿನ್ನಿಸಬೇಕು!" ಎಂದು ಹೇಳಿ, ರೊಟ್ಟಿ ಮುರಿದು ಪಲ್ಯ ಹಚ್ಚಿ ಒಂದೊಂದು ಬಾಯಿಗೆ ಇಟ್ಟಳು. ಅವಳ ಹೆಸರು ಕಿನು. ಅವಳ ಪಕ್ಕೆಯಲ್ಲಿದ್ದದ್ದು ಅವನ ಬಲಗೈಯ ಹಲ್ಲಿನ ಗುರುತು ಎಂದು ಮರುದಿನ ನನಗೆ ಗೊತ್ತಾಯಿತು.

ಮರುದಿನ ಮಧ್ಯಾಹ್ನ ಸಿನಿಮಾ ನೋಡಲು ಹೋಗಿದ್ದೆ. ಉಣ್ಣುವವರ ಪಾಡೇನು ಎಂದು ನೋಡಬೇಕೆನಿಸಿತ್ತು. ಒಂದು ಕಣಿವೆ, ಅದರಲ್ಲೊಂದು ಹಳ್ಳಿ, ಗುಹೆಯಲ್ಲಿ ರಾಕ್ಷಸ. ಮೊದಲ ಐದು ನಿಮಿಷ ಹೂವು, ಹೊಳೆ, ಮಂಜು. ಆಮೇಲೆ ಕಡಿತ ಸುರುವಾಯಿತು. ತಲೆಗಳು ಬದನೆಕಾಯಿ ಉರುಳಿದಂತೆ ಉರುಳಿದವು. ರಕ್ತ ಕಾರಂಜಿಯಾಗಿ ಹಾರಿ ಪರದೆಯ ಅಂಚು ಮುಟ್ಟಿತು. ಕರುಳು ಗಿಡದ ಕೊಂಬೆಗೆ ತೋರಣವಾಯಿತು. ತೊಕುಜಿ ಕುದುರೆಯ ಮೇಲೆ ಕೂಗುತ್ತ ಬರುತ್ತಿದ್ದ, ಕೂಗು ಮುಗಿಯುವ ಮೊದಲೇ ಅವನ ತಲೆ ಇರಲಿಲ್ಲ. ಹಿಂದಿನ ದಿನ ನನ್ನ ಪಕ್ಕ ಕೂತು ರೊಟ್ಟಿ ಬಡಿದವನು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಯಲ್ಲಿ ಕಿನು ಒಬ್ಬಳೇ ಉಳಿದಳು. ಹಿಂದಿನ ವರ್ಷ ತನ್ನ ತಮ್ಮನನ್ನು ರಾಕ್ಷಸ ತಿಂದನೆಂದು ಕತ್ತಿ ಹಿಡಿದು ಬಂದವಳು. ಅವನ ಅಂಗೈ ಅವಳ ಪಕ್ಕೆಯನ್ನು ಕಚ್ಚಿತು, ಅವಳ ಕತ್ತಿ ಅವನ ಎದೆಯ ಬಾಯಿಯಲ್ಲಿ ಇಳಿಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಪರದೆ ಪೂರ್ತಿ ಕೆಂಪಾಯಿತು.

ಹೊರಗೆ ಓಡಿ ಬಂದು ಗಟಾರಿನ ಹತ್ತಿರ ಕೂತೆ.  ಹಿಂದಿನ ಬಾಗಿಲು ಕಿರ್ರೆಂದಿತು. ಎಲ್ಲರೂ ನಳದ ಹತ್ತಿರ ತಳ್ಳಾಡುತ್ತ ಕೈ ತೊಳೆಯುತ್ತಿದ್ದರು. ತೊಕುಜಿಯ ತಲೆ ಕಂಕುಳಿನಿಂದಲೇ ಕೇಳಿತು: "ಓ ತಾಯಿ! ಇಂದಿನ ಪಲ್ಯ ಯಾವುದು?"

"ಪುಂಡಿಪಲ್ಯ," ಎಂದೆ. ಎದ್ದು ಒಲೆಯ ಕಡೆ ನಡೆದೆ.

ಆ ಗದ್ದಲದಲ್ಲಿ ಕಿನು ತನ್ನ ಗಾಯ ತೊಳೆದುಕೊಳ್ಳಲು ಸರತಿ ಸಿಗದೆ, ನೀರು ಹುಡುಕುತ್ತ ಮಾಳಿಗೆಯ ಮೆಟ್ಟಿಲು ಹತ್ತಿದ್ದಳು. ಮೇಲಿನಿಂದ ಸುಗಂಧಾ ಚೀರಿದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಅರ್ಧ ಮೆಟ್ಟಿಲು ಹತ್ತಿದಾಗ ಮಾತು ಕೇಳಿ ನಿಂತೆ.

"ಹೆದರಬೇಡ ಸೋದರಿ! ಇದು ಬರಿಯ ಬಣ್ಣ!"

"ಹೊರಗ ನಡಿ! ಯಾಕ ಬಂದಿ ಇಲ್ಲಿ? ಸತ್ತವರು ಸತ್ತಂಗ ಇರಬೇಕು. ನನ್ನ ಗಂಡ ಬರಲಿಲ್ಲ. ಎರಡ ವರ್ಷ ಆತು. ನೀವ ಹೆಂಗ ದಿನಾ ಸತ್ತು ದಿನಾ ಉಣ್ಣಾಕ ಬರ್ತೀರಿ?"

 ಕಿನುವಿನ ತುಟಿ ಮೊದಲು ಆಡಿರಬೇಕು. ದನಿ ಆಮೇಲೆ ಬಂತು: "ನನ್ನ ತಮ್ಮನೂ ಬರಲಿಲ್ಲ."

"ಯಾಕ? ಅವನೂ ನಿಮ್ಮ ಸಿನಿಮಾದಾಗ ಸತ್ತವನ ಅಲ್ಲ?"

"ಅವನು ಸಿನಿಮಾ ಆರಂಭವಾಗುವ ಮೊದಲೇ ಸತ್ತನು. ಅವನನ್ನು ಯಾರೂ ಬಿಡಿಸಲೇ ಇಲ್ಲ. ಅವನಿಗಾಗಿ ನಾನು ದಿನವೂ ಕತ್ತಿ ಹಿಡಿಯುತ್ತೇನೆ. ಆದರೆ ಅವನ ಮುಖ ನನಗೆ ಗೊತ್ತಿಲ್ಲ. ಅವನು ನಕ್ಕರೆ ಹೇಗೆ ಕಾಣುತ್ತಿದ್ದನೋ ಗೊತ್ತಿಲ್ಲ. ಹೆಸರು ಮಾತ್ರ ಇದೆ."

ನಾನು ಗೋಡೆ ಹಿಡಿದುಕೊಂಡು ನಿಂತೆ. ಕೆಳಗೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಆದರೂ ಇಳಿಯಲಿಲ್ಲ.

"ಏನೂ ನೆನಪಿಲ್ಲ?" ಎಂದಳು ಸುಗಂಧಾ. ದನಿ ಇಳಿದಿತ್ತು.

"ಏನೂ ಇಲ್ಲ. ನಿನ್ನ ಗಂಡ ಹೇಗಿದ್ದನು, ಸೋದರಿ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹೇಗೆ ಸತ್ತ ಎಂದು ಎಲ್ಲರೂ ಕೇಳಿದ್ದರು. ಹೇಗಿದ್ದ ಎಂದು ನಾನೂ ಕೇಳಿರಲಿಲ್ಲ, ಅವಳಿಗೆ ನೋವಾದೀತೆಂದು.

"ಕುಳ್ಳ ಇದ್ದ," ಎಂದಳು ಸುಗಂಧಾ. ಆಮೇಲೆ ತಡೆದು, "ಅವನ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಕಾಲಿಂದನ ನಿಂದರಸ್ತಿದ್ದ. ವಾರಕ್ಕೊಂದ ಚಪ್ಪಲಿ ಹರೀತಿತ್ತು. ಬ್ರೇಕ್ ಹಾಕಸೋ ಅಂದ್ರ, ಚಪ್ಪಲಿನ ಸಸ್ತಾ ಅಂತಿದ್ದ."

"ಆಮೇಲೆ?"

"ಹಲ್ಲಿಗೆ ಅಂಜತಿದ್ದ. ಗಿರಣ್ಯಾಗ ಹಾವ ಬಂದ್ರ ಬಾಲ ಹಿಡದ ಒಗೀತಿದ್ದ, ಮನ್ಯಾಗ ಹಲ್ಲಿ ಲೊಚಗುಟ್ಟಿದ್ರ ನನ್ನ ಹಿಂದ ಬಂದ ನಿಂದ್ರತಿದ್ದ. ಉಣ್ಣಾಕ ಕುಂತಲ್ಲೇ ನಿದ್ದಿ. ಬಾಯಾಗ ತುತ್ತ ಇರ್ತಿತ್ತು, ಗೊರಕಿ ಹೊಡೀತಿದ್ದ. ಎಬ್ಬಿಸಿದ್ರ, ಎಚ್ಚರ ಅದೀನಿ ಅಂದು ಅಗಿಯಾಕ ಸುರು ಮಾಡತಿದ್ದ..."

ಮಾತು ನಿಂತಿತು. ಅಳುತ್ತಾಳೆಂದು ನಾನು ಒಂದು ಮೆಟ್ಟಿಲು ಏರಿದೆ. ಅವಳು ನಗುತ್ತಿದ್ದಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು. ಕಿನುವೂ ನಗುತ್ತಿದ್ದಳು, ಅವಳ ನಗು ತುಟಿಗಿಂತ ತಡವಾಗಿ ಬರುತ್ತಿತ್ತು. "ಮತ್ತೊಮ್ಮೆ ಹೇಳು! ಹಲ್ಲಿಯದು ಮತ್ತೊಮ್ಮೆ ಹೇಳು!"

ನಾನು ಸದ್ದಿಲ್ಲದೆ ಇಳಿದು ಬಂದೆ. ಹಂಚಿನ ಮೇಲಿನ ರೊಟ್ಟಿ ಇದ್ದಿಲಾಗಿತ್ತು. ಏಳುಬಾಯಪ್ಪ ಅದನ್ನೇ ಚಂದಾಗಿ ತಿಂದ.

ರವಿವಾರ ಮ್ಯಾಟಿನಿ ಬಿಡುವ ಹೊತ್ತಿಗೆ ಸುಗಂಧಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ಬಂದಳು. ಬಾಗಿಲು ತೆರೆದು ಕೆಂಪು ಹರಿದಾಗ ಅವಳ ಮುಖ ಸುಣ್ಣವಾಯಿತು. ಓಡಲಿಲ್ಲ. ಕೊಡ ಎತ್ತಿ ಒಂದು ಕೊಡ ನೀರು ಹೊಯ್ದಳು, ಪೊರಕೆ ತೆಗೆದುಕೊಂಡು ಗಟಾರಿಗೆ ತಳ್ಳಿದಳು. ಆಮೇಲೆ ಮೊದಲು ಹೊರಬಂದ ತೊಕುಜಿಗೆ, "ನಿಮ್ಮ ರಕ್ತ ಮೆಟ್ಟಲಾ ಹೊಲಸ ಮಾಡ್ತದ ನೋಡ್ರಿ. ನಾಳಿಂದ ಕಾಲ ಒರಸ್ಕೊಂಡ ಬರ್ರಿ," ಎಂದಳು. ತಲೆ "ಕ್ಷಮಿಸು ಸೋದರಿ!" ಎಂದಿತು. ಮೈ ಬಗ್ಗಿ ನಮಸ್ಕಾರ ಮಾಡಿದ್ದಕ್ಕೆ ತಲೆ ಕಂಕುಳಿನಿಂದ ಜಾರಿತು. ಅದನ್ನು ಹಿಡಿದವಳು ಸುಗಂಧಾ.

ಅವತ್ತು ಬಡಿಸುತ್ತ ಬಡಿಸುತ್ತ ಅವಳು ಇಡೀ ಸಾಲಿಗೆ ಮುರಿಗೆಪ್ಪನ ಕಥೆ ಹೇಳಿದಳು. ಅವನು ನಮ್ಮ ಎಮ್ಮೆ ಎಂದು ಪರರ ಎಮ್ಮೆ ಹೊಡೆದುಕೊಂಡು ಬಂದದ್ದು, ಮದುವೆಯಲ್ಲಿ ತಾಳಿ ಕಟ್ಟುವ ಬದಲು ಬಾಸಿಂಗದ ದಾರಕ್ಕೆ ಗಂಟು ಹಾಕಿದ್ದು. ಕೈಕಾಲಿಲ್ಲದವರು, ಕರುಳು ಸುತ್ತಿಕೊಂಡವರು ಉಣ್ಣುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳುಬಾಯಪ್ಪ ನಕ್ಕಾಗ ತಗಡು ನಡುಗಿತು. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರು ಹಿಟ್ಟಿನ ಪರಾತ ಹೊತ್ತು ಬಂದರು. ಸೋಮವಾರ ಮಕ್ಕಳು ಏಳುಬಾಯಪ್ಪನ ಸುತ್ತ ಕೂತು, ಯಾವ ಬಾಯಿಗೆ ಖಾರ ಹೆಚ್ಚು ತಡೆಯುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ಎಡ ಹೆಗಲಿನ ಬಾಯಿ ಗೆದ್ದಿತು. ಹೊಟ್ಟೆಯ ಬಾಯಿ ಗುರೆಳ್ಳು ಚಟ್ನಿಯೊಂದೇ ಸಾಕು ಎಂದಿತು.

ಕನ್ಯಾಶಾಲೆಯಲ್ಲಿ ಕಲಿಸುವ ಇಂದುಮತಿ ಬಾಯಾರು ಬಂದದ್ದು ಆಗಲೇ. ನೆಟ್ಟಗೆ ನಡೆಯುವವರು, ನೆಟ್ಟಗೆ ಮಾತಾಡುವವರು. "ಲಾಡ್ಲೇಸಾಬ, ಈ ಸಿನಿಮಾ ಇವತ್ತ ತಗೀಬೇಕು. ನಮ್ಮ ಶಾಲೀ ಹುಡುಗಿ ಒಬ್ಬಾಕಿ ನೋಡಿ ಬಂದು ಎರಡ ದಿನಾ ಅನ್ನ ಮುಟ್ಟಿಲ್ಲ. ಕಣ್ಣ ಮುಚ್ಚಿದ್ರ ತಲಿ ಹಾರತಾವಂತ."

ಲಾಡ್ಲೇಸಾಬ ತಲೆ ತಗ್ಗಿಸಿದ. "ಕಾರ್ಟೂನ್ ಅಂದ್ರ ಮಕ್ಕಳದು ಅಂದ್ಕೊಂಡಿದ್ದೆ ಬಾಯಾರ. ತಪ್ಪಾತು."

"ಚಿತ್ರ ಬಿಡಿಸಿದ್ದೆಲ್ಲಾ ಮಕ್ಕಳದಾಗ್ತದೇನು?" ಎಂದರು ಬಾಯಾರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, "ಮತ್ತ ನೀವು. ದಿನಾ ಎರಡ ಸಲ ಇವರನ್ನ ಒಳಗ ಕಡಿಸ್ಕೊಳ್ಳಾಕ ಕಳಸ್ತೀರಿ, ಹೊರಗ ಬಂದ್ರ ರೊಟ್ಟಿ ಕೊಟ್ಟು ನಗ್ತೀರಿ. ನಿಮಗ ಕರಳ ಐತಿಲ್ಲೋ?"

 ಅವರ ಮಾತು ನನ್ನ ಎದೆಗೆ ತಾಗಿತು. ಸಿನಿಮಾ ನೋಡಿ ಬಂದ ದಿನದಿಂದ ನನ್ನೊಳಗೂ ಅದೇ ಇತ್ತು. ಸುಗಂಧಾ ಮುಂದೆ ಬಂದಳು. "ಮಕ್ಕಳನ್ನ ಒಳಗ ಬಿಡಬ್ಯಾಡ್ರಿ ಕಾಕಾ, ಬಾಯಾರು ಹೇಳೂದು ಖರೆ," ಎಂದಳು ಲಾಡ್ಲೇಸಾಬನಿಗೆ. ಆಮೇಲೆ ಸಾಲಿನ ಕಡೆ ತಿರುಗಿದಳು. "ಇನ್ನೊಂದು ನಾವು ಹೇಳೂದಲ್ಲ, ಇವರನ್ನ ಕೇಳೋಣ. ನಿಮಗ ನೋವಾಗ್ತದೇನ್ರಿ?"

ತೊಕುಜಿಯ ತಲೆ ಗೂಡಿನಿಂದ ಹೇಳಿತು: "ಕೊರಳಿನಲ್ಲಿ ತುಸು ತಣ್ಣಗಾಗುತ್ತದೆ, ಅಷ್ಟೆ! ಆದರೆ ಬೇರೆ ಊರುಗಳಲ್ಲಿ ನಾವು ಸತ್ತ ಮೇಲೆ ಕತ್ತಲೆ. ಮುಂದಿನ ಆಟದವರೆಗೂ ಕತ್ತಲೆ. ಇಲ್ಲಿ ಬಾಗಿಲು ಇದೆ."

"ಇಲ್ಲಿ ಪುಂಡಿಪಲ್ಯವಿದೆ!" ಎಂದಿತು ಏಳುಬಾಯಪ್ಪನ ಹೊಟ್ಟೆಯ ಬಾಯಿ, ಯಾರೂ ಕೇಳದಿದ್ದರೂ.

ಬಾಯಾರು ಏಳುಬಾಯಪ್ಪನ ಹತ್ತಿರ ಹೋಗಿ ಅವನ ಅಂಗೈ ನೋಡಿದರು. "ಇವನ ಕೈಗೆ ಯಾರು ತಿನ್ನಸ್ತಾರ?" ಎಂದು ಕೇಳಿದರು. ಕಿನು ಒಬ್ಬಳೇ ಎಂದು ಗೊತ್ತಾಗಿ, ಸೀರೆಯ ನೆರಿಗೆ ಹಿಡಿದು ಕೂತು, "ಬಾಯಿ ಸಣ್ಣಗ ತಗಿ. ಕಚ್ಚಿದ್ರ ಹೊಡೀತೀನಿ," ಎಂದು ಅವನ ಎಡಗೈಗೆ ರೊಟ್ಟಿ ಇಟ್ಟರು. ಮಂಗಳವಾರದಿಂದ ಟಾಕೀಸಿನ ಮುಂದಿನ ಬಾಗಿಲಿನಲ್ಲಿ ಬಾಯಾರೇ ಕೋಲು ಹಿಡಿದು ನಿಂತರು, ಒಂದು ಮಗುವನ್ನೂ ಒಳಗೆ ಬಿಡಲಿಲ್ಲ. ಆಟ ಬಿಟ್ಟ ಮೇಲೆ ಅದೇ ಮಕ್ಕಳನ್ನು ಕರೆದುಕೊಂಡು ಹಿಂದಿನ ಬಾಗಿಲಿಗೆ ಬರುತ್ತಿದ್ದರು. ಅನ್ನ ಬಿಟ್ಟ ಹುಡುಗಿ ತೊಕುಜಿಯ ತಲೆಗೆ ಎರಡು ಜಡೆ ಹಾಕಿದಳು. ಬುಧವಾರ ಅವನು ಹಾಗೆಯೇ ಯುದ್ಧಕ್ಕೆ ಹೋದ. ಕುದುರೆಯ ಮೇಲೆ ಅವನ ತಲೆ ಹಾರಿದಾಗ ಎರಡು ಜಡೆ ಗಾಳಿಯಲ್ಲಿ ತಿರುಗಿದವಂತೆ, ಟಾಕೀಸಿಗೆ ಟಾಕೀಸೇ ಎದ್ದು ನಿಂತು ಸೀಟಿ ಹೊಡೆಯಿತಂತೆ.

ಗುರುವಾರ ಮ್ಯಾಟಿನಿಯೇ ಕೊನೆಯ ಆಟ. ಡಬ್ಬಿ ಸಂಜೆಯ ಬಸ್ಸಿಗೆ ಹೋಗಬೇಕು. ಊಟಕ್ಕೆ ಹೊತ್ತಿಲ್ಲವೆಂದು ಬೆಳಗ್ಗೆಯಿಂದ ಇಡೀ ಓಣಿ ಬುತ್ತಿ ಕಟ್ಟಿತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದೊಂದು ಉಳ್ಳಾಗಡ್ಡಿ, ಒಂದೊಂದು ಚೂರು ಬೆಲ್ಲ, ಹಳೆಯ ಸೀರೆಯ ತುಂಡಿನಲ್ಲಿ ಗಂಟು. ಸುಗಂಧಾ ಏಳುಬಾಯಪ್ಪನಿಗೆ ಕಟ್ಟಿದ ಗಂಟು ತಲೆದಿಂಬಿನಷ್ಟಿತ್ತು. ತನ್ನ ಪೆಟ್ಟಿಗೆಯ ತಳದಲ್ಲಿದ್ದ ಕೆಂಪು ಸೀರೆಯನ್ನು ಹರಿದು ಕಟ್ಟಿದ್ದಳು. 

ಗಂಟೆ ಬಾರಿಸಿತು. ಗಂಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಎಲ್ಲರೂ ಒಳಗೆ ಹೋದರು. ಕಿನು ಬಾಗಿಲಿನಲ್ಲಿ ತಿರುಗಿ ನಿಂತಳು. "ಸೋದರಿ, ಕತ್ತಲೆಯಲ್ಲಿ ನಾನು ಎಲ್ಲರಿಗೂ ಹಲ್ಲಿಯ ಕಥೆ ಹೇಳುತ್ತೇನೆ. ನನ್ನ ತಮ್ಮನೂ ಹಲ್ಲಿಗೆ ಹೆದರುತ್ತಿದ್ದನು ಎಂದು ಹೇಳಲೇ?"

"ಹೇಳು," ಎಂದಳು ಸುಗಂಧಾ. "ಮುರಿಗೆಪ್ಪಂದು ಅವನಿಗೆ ಕೊಟ್ಟೀನಿ. ಗೊರಕೀನೂ ತಗೋ."

ಆಮೇಲೆ ಅವಳು ನನ್ನ ಕೈ ಹಿಡಿದು, ಮುಂದಿನ ಬಾಗಿಲಿಗೆ ನಡೆದಳು. "ನಡಿಯವ್ವಾ, ನಾನೂ ನೋಡ್ತೀನಿ."

ಅಂಥ ಆಟವನ್ನು ನಾನು ಮತ್ತೆಂದೂ ಕಂಡಿಲ್ಲ. ಕುರ್ಚಿ ಸಾಲದೆ ಜನ ನೆಲದ ಮೇಲೆ ಕೂತಿದ್ದರು. ಮೊದಲ ಬಾಣ ಮುದುಕನಿಗೆ ನಾಟಿದ ಕೂಡಲೇ ಹಿಂದಿನಿಂದ ಯಾರೋ ಕೂಗಿದರು: "ಅಜ್ಜಾ, ಬುತ್ತ್ಯಾಗ ಬೆಲ್ಲಾ ಐತಿ, ಮರೀಬ್ಯಾಡ!" ಅಷ್ಟೇ ಸಾಕಾಯಿತು. ಪರದೆಯ ಮೇಲೆ ಒಬ್ಬೊಬ್ಬರು ತುಂಡಾಗುತ್ತಿದ್ದರು, ಇಲ್ಲಿ ಜನ ಹೆಸರು ಹಿಡಿದು ಕೂಗಿ ಬೀಳ್ಕೊಡುತ್ತಿದ್ದರು. "ನೀರ ಕುಡಿಯಪಾ!" "ಕಾಲ ಒರಸ್ಕೋ!" "ಮತ್ತ ಬರ್ರಿ!" ತೊಕುಜಿಯ ತಲೆ ಹಾರುತ್ತ ಹಾರುತ್ತ ನಮ್ಮ ಕಡೆ ಕಣ್ಣು ಮಿಟುಕಿಸಿತು. ಕಿನು ಕತ್ತಿ ಎತ್ತಿದಾಗ ಸುಗಂಧಾಳ ಉಗುರು ನನ್ನ ಕೈಯಲ್ಲಿ ಇಳಿಯಿತು. ಏಳುಬಾಯಪ್ಪನ ಅಂಗೈ ಕಿನುವಿನ ಪಕ್ಕೆಗೆ ಬಂತು, ಪರದೆ ಕೆಂಪಾಯಿತು, ಆ ಕೆಂಪಿನ ಬೆಳಕು ನನ್ನ ಮಗಳ ಮುಖದ ತುಂಬ ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು: "ಕಿನೂ! ಚಟ್ನಿ ಖಾರ ಐತಿ, ಬೆಲ್ಲಾ ಹಚ್ಚಿಕೊಂಡ ತಿನ್ನು!"

ಎರಡು ವರ್ಷ ಮಾಳಿಗೆಯ ಕೋಣೆಯಲ್ಲೇ ಉಳಿದಿದ್ದ ದನಿ ಟಾಕೀಸಿನ ಮಾಡಿಗೆ ಬಡಿಯಿತು. ಬಾಯಾರು ಮುಂದಿನ ಸಾಲಿನಿಂದ ತಿರುಗಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಬಸ್ಸು ಹೊರಟಿತು. ಶುಕ್ರವಾರ ಒಂದು ಸಂಸಾರದ ಸಿನಿಮಾ ಬಂತು, ಒಬ್ಬ ಮಾವ ಮಾತ್ರ ಸಾಯುತ್ತಿದ್ದ. ಅವನಿಗೆ ಸುಗಂಧಾಳೇ ಬಡಿಸಿದಳು. ರವಿವಾರ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು.

"ಎಲ್ಲಿಗೆ?" ಎಂದೆ.

"ಸಿನಿಮಾ ಮುಂದಿನ ಊರಿಗೆ ಹೋಗೇತಲ್ಲ, ಅಲ್ಲಿಗೆ. ಬುತ್ತಿ ಮುಟ್ಟೇತೋ ಇಲ್ಲೋ ನೋಡಿ ಬರ್ತೀನಿ."

ಗಿರಣಿಯಿಂದ ಬಂದ ಮೇಲೆ ಓಣಿಯ ಮೂಲೆ ದಾಟದವಳು ಒಬ್ಬಳೇ ಬಸ್ಸು ಹತ್ತಿದಳು. ಹೊತ್ತು ಇಳಿಯುವವರೆಗೆ ನಾನು ಒಲೆಯ ಮುಂದೆ ಕೂತು, ಬಾರದ ಬಸ್ಸಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಸಂಜೆ ಇಳಿದು ಬಂದಾಗ ಅವಳ ಮುಖ ನೋಡಿಯೇ ನನಗೆ ಜೀವ ಬಂತು. ಚಪ್ಪಲಿಯನ್ನೂ ಬಿಡದೆ ಹೇಳಲು ಸುರು ಮಾಡಿದಳು.

"ಅವ್ವಾ, ಎಲ್ಲಾರ ನಡದಾಗೂ ಗಂಟ ಅದಾವ! ಕುದರಿ ಮ್ಯಾಲೆ, ಕಡಿಯೂ ಮುಂದ, ಎಲ್ಲಾರ ನಡದಾಗೂ. ಕಿನು ಗಂಟು ಅರ್ಧ ಆಗೇತಿ, ತಿಂದಾಳ. ಮತ್ತ ಏಳುಬಾಯಪ್ಪ ಏನ ಮಾಡಿದ ಗೊತ್ತೇನ? ಕಿನು ಕತ್ತಿ ಎತ್ತಿ ಬಂದ್ಲಲ್ಲ, ತಡಿ ಅಂತ ಕೈ ಮಾಡಿ, ಗಂಟ ಬಿಚ್ಚಿ, ರಕ್ತ ಸಿಡೀಬಾರದಂತ ದೂರ ಒಂದ ಕಲ್ಲಿನ ಮ್ಯಾಲೆ ಇಟ್ಟ. ಆಮ್ಯಾಲೆ ಬಂದ ಸತ್ತ."

ನಾನು ನೆಲಕ್ಕೆ ಕೂತು ನಕ್ಕೆ. ಸಂಸಾರದ ಸಿನಿಮಾದ ಮಾವನೂ ತುತ್ತು ಹಿಡಿದು ನಗುತ್ತಿದ್ದ.

"ಅಲ್ಲಿ ಮಂದಿ ಏನಂದ್ರು?" ಎಂದು ಕೇಳಿದೆ.

"ಅಂಜಿ ಕುಂತಿದ್ರು ಪಾಪ, ಅವರಿಗೇನ ಗೊತ್ತು? ನನ್ನ ಬಾಜೂಕ ಒಬ್ಬಾಕಿ ಮುದುಕಿ, ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು, 'ಆ ರಾಕ್ಷಸ ಕಲ್ಲಮ್ಯಾಲೆ ಏನ ಇಟ್ಟನಬೇ ತಂಗಿ, ಯಾರದರ ತಲಿ ಏನು?' ಅಂತ ಕೇಳಿದ್ಲು. 'ಇಲ್ಲಜ್ಜಿ, ರೊಟ್ಟಿ ಮತ್ತ ಗುರೆಳ್ಳ ಚಟ್ನಿ, ನಾನ ಕಟ್ಟಿದ್ದು' ಅಂದೆ." ಸುಗಂಧಾ ಕೊಡದಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು. "ಆಕಿ ನನ್ನ ಒಂದ ಸಲ ಮ್ಯಾಲಿಂದ ಕೆಳಗ ನೋಡಿ, ಮೆಲ್ಲಕ ಎದ್ದು, ಬ್ಯಾರೆ ಸಾಲಿಗೆ ಹೋಗಿ ಕುಂತ್ಲು."